ಐವತ್ತು ಮೀಟರು ಯಾರ ಮನೆಯಿಂದ?

ಊರು ನಮ್ಮನ್ನು ಹೊರಗಿಟ್ಟಿತು. ಇದು ಹಳೆಯ ಕಥೆ. ಅಗಸಿಯ ಆಚೆ, ಹಳ್ಳದ ದಂಡೆಗೆ, ಊರ ಬಚ್ಚಲ ನೀರೆಲ್ಲ ಹರಿದು ಬಂದು ನಿಲ್ಲುವ ತಗ್ಗಿನಲ್ಲಿ ನಮಗೆ ಜಾಗ ತೋರಿಸಿದರು. ಹೊಲಗೇರಿ, ಮಾದರ ಓಣಿ, ಸಮಗಾರ ಓಣಿ ಅಂತ ಕರೆದರು. ಆಮೇಲೆ ಸರ್ಕಾರ ಬಂದು ಹರಿಜನ ಕೇರಿ ಅಂತ ಬೋರ್ಡು ಹಾಕಿತು. ನಾವು ಅದನ್ನು ಅಳಿಸಿ ಅಂಬೇಡ್ಕರ್ ನಗರ ಅಂತ ಬರೆದುಕೊಂಡೆವು. ಹೆಸರು ಬದಲಾಯಿತು. ಜಾಗ ಅದೇ, ತಗ್ಗು ಅದೇ.

ಈಗ ಊರು ಬೆಳೆದಿದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಹಳೆಯ ಅಗಸಿ ದಾಟಿ ಹೊರಗೆ ಚಾಚಿವೆ. ಹಿರಿಯರು ಪೂನಾ-ಬೆಂಗಳೂರು ರಸ್ತೆ ಅನ್ನುತ್ತಿದ್ದದ್ದು ರಾಷ್ಟ್ರೀಯ ಹೆದ್ದಾರಿ 4 ಆಗಿ, ಈಗ 48 ಆಗಿ, ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರಿನ ಮಗ್ಗುಲಲ್ಲೇ ಹಾಯ್ದು ಹೋಗುತ್ತದೆ. ಅದಕ್ಕೆ ಕೂಡುವ ರಸ್ತೆಗಳೆಲ್ಲ ಅಗಲವಾಗುತ್ತಿವೆ. ಯಾರಿಗೂ ಬೇಡವಾಗಿದ್ದ ತಗ್ಗು ಈಗ ದಲ್ಲಾಳಿಗಳ ಬಾಯಲ್ಲಿ 'ರೋಡ್ ಟಚ್' ಜಾಗ. ಊರ ಹೊರಗೆ ಎಸೆದ ಕೇರಿಯ ಬಾಗಿಲಿಗೆ ರಸ್ತೆ ತಾನಾಗಿ ಬಂದಿದೆ. ರಸ್ತೆಯ ಹಿಂದೆಯೇ ಪೆಟ್ರೋಲ್ ಬಂಕು ಬರುತ್ತದೆ.

ಇದು ಬರೀ ಊಹೆಯಲ್ಲ. 2018ರ ನವೆಂಬರಿನಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳು ಸೇರಿ ದೇಶದಾದ್ಯಂತ 55 ಸಾವಿರಕ್ಕೂ ಹೆಚ್ಚು ಹೊಸ ಬಂಕುಗಳಿಗೆ ಜಾಹೀರಾತು ಕೊಟ್ಟವು. 2023ರಲ್ಲಿ ಮತ್ತೆ ಕರೆದವು. ಇಂಥ ರಸ್ತೆ, ಇಂಥ ಕಿಲೋಮೀಟರು ಅಂತ ಗುರುತು ಹಾಕಿ ಕರೆಯುತ್ತಾರೆ. ರಸ್ತೆಗೆ ಮುಖ ಮಾಡಿದ ಜಾಗ ಬೇಕು. ಪೇಟೆಯೊಳಗೆ ಅಂಥ ಜಾಗ ಎಲ್ಲಿದೆ? ಇದ್ದರೂ ಅದರ ಬೆಲೆ ಏನು? ಉಳಿಯುವುದು ಊರಂಚು. ಊರಂಚಿನಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು.

ನಾವು ಬಂಕೇ ಬೇಡ ಅನ್ನುವವರಲ್ಲ. ನಮ್ಮ ಹುಡುಗರೂ ಬೈಕು ಓಡಿಸುತ್ತಾರೆ, ಆಟೋ ಓಡಿಸುತ್ತಾರೆ, ಟ್ರ್ಯಾಕ್ಟರಿಗೆ ಡೀಸೆಲ್ ತರುತ್ತಾರೆ. ಬಂಕು ಬೇಕು. ಆದರೆ ಮಕ್ಕಳು ಮಲಗುವ ಗೋಡೆಗೆ ಹತ್ತಿಕೊಂಡು ಬೇಡ. ಇಷ್ಟು ಹೇಳಿದರೆ ಸಾಕು, "ಇವರಿಗೆ ಅಭಿವೃದ್ಧಿ ಬ್ಯಾಡಾಗೇತಿ" ಅಂತ ಕೂಗು ಏಳುತ್ತದೆ. ಅದಕ್ಕೇ ಕೂಗಿಗೆ ಕೂಗಿನಿಂದ ಉತ್ತರಿಸದೆ, ವಿಷಯ ಏನು ಅಂತ ಬಿಡಿಸಿ ನೋಡೋಣ.

ಅಪಾಯ ಯಾವುದು?

ಬಂಕು ಅಂದಕೂಡಲೇ ನಮ್ಮ ಮಂದಿಗೆ ಬೆಂಕಿ ನೆನಪಾಗುತ್ತದೆ. ಬೆಂಕಿಯ ಭಯ ಸುಳ್ಳಲ್ಲ. ಆದರೆ ದಿನಾ ಇರುವ ಅಪಾಯ ಆವಿಯದು. ನಮ್ಮ ಕಡೆಯ ಎಂಥ ಚಳಿಯಲ್ಲೂ ಪೆಟ್ರೋಲು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಹೊಗೆಯಂತೆ ಮೇಲೇರಿ ಹೋಗುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆಗೆ, ಗಟಾರದ ಕಡೆಗೆ ಹರಿಯುತ್ತದೆ. ತಗ್ಗಿನಲ್ಲಿ ಯಾರ ಮನೆ? ಒಲೆ ಉರಿಯುವುದು ಎಲ್ಲಿ? ಬಂಕಿನವನು ತನ್ನ ಕಾಂಪೌಂಡಿನಲ್ಲಿ ಬೀಡಿ ಸೇದಬೇಡಿ ಅಂತ ಬೋರ್ಡು ಹಾಕಬಹುದು. ಕಾಂಪೌಂಡಿನ ಆಚೆ ಗುಡಿಸಲಲ್ಲಿ ರೊಟ್ಟಿ ಬಡಿಯುವವಳಿಗೆ ಒಲೆ ಹಚ್ಚಬೇಡ ಅಂತ ಬೋರ್ಡು ಹಾಕುತ್ತಾನೆಯೇ?

ಟ್ಯಾಂಕರ್ ಬಂದು ನೆಲದೊಳಗಿನ ಟ್ಯಾಂಕಿಗೆ ಎಣ್ಣೆ ಇಳಿಸುವಾಗ, ಆ ಟ್ಯಾಂಕಿನಲ್ಲಿ ತುಂಬಿದ್ದ ಆವಿ ಗಾಳಿ ಕೊಳವೆಯಿಂದ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಈ ಆವಿಯನ್ನು ಹಿಡಿದು ವಾಪಸು ಕಳಿಸುವ ಯಂತ್ರ ಇದೆ. ಅದನ್ನು ಕಡ್ಡಾಯ ಮಾಡಿದ ನಿಯಮವೂ ಇದೆ. ಆದರೆ ಆ ನಿಯಮ ಒಂದು ಲಕ್ಷ ಜನಸಂಖ್ಯೆ ಮೀರಿದ ಪಟ್ಟಣಗಳಿಗೆ, ಅದರಲ್ಲೂ ತಿಂಗಳಿಗೆ ಇಷ್ಟು ಪೆಟ್ರೋಲು ಮಾರುವ ಬಂಕುಗಳಿಗೆ. 2011ರ ಜನಗಣತಿಯಲ್ಲಿ ರಾಣೇಬೆನ್ನೂರು ಒಂದು ಲಕ್ಷ ದಾಟಿತ್ತು. ಹಾವೇರಿ, ಬ್ಯಾಡಗಿ ದಾಟಿರಲಿಲ್ಲ. ದೊಡ್ಡ ಪಟ್ಟಣದ ಪುಪ್ಪುಸಕ್ಕೆ ಒಂದು ಬೆಲೆ, ಸಣ್ಣ ಊರಿನ ಪುಪ್ಪುಸಕ್ಕೆ ಇನ್ನೊಂದು ಬೆಲೆ!

ಆ ಆವಿಯಲ್ಲಿ ಬೆಂಜೀನ್ ಅನ್ನುವ ವಸ್ತು ಇದೆ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ಜಗತ್ತಿನ ವೈದ್ಯರೆಲ್ಲ ಒಪ್ಪಿದ ಮಾತು. ಇಷ್ಟರವರೆಗೆ ಉಸಿರಾಡಿದರೆ ಅಪಾಯವಿಲ್ಲ ಅನ್ನುವ ಮಟ್ಟವೇ ಇದಕ್ಕೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬ್ಯಾಡಗಿಯ ನಮ್ಮ ಅಕ್ಕ ತಂಗಿಯರಿಗೆ ಘಾಟು ಅಂದರೆ ಏನು ಅಂತ ಯಾರೂ ಕಲಿಸಬೇಕಾಗಿಲ್ಲ. ದಿನವಿಡೀ ಮೆಣಸಿನಕಾಯಿ ರಾಶಿಯ ನಡುವೆ ಕುಳಿತು ತೊಟ್ಟು ಮುರಿಯುವವರು ಅವರು. ಮೆಣಸಿನಕಾಯಿ ಘಾಟು ಕೆಮ್ಮಿಸುತ್ತದೆ, ಕಣ್ಣಲ್ಲಿ ನೀರು ತರಿಸುತ್ತದೆ, ಎದ್ದು ಹೊರಗೆ ಹೋಗು ಅನ್ನುತ್ತದೆ. ಬೆಂಜೀನ್ ಏನನ್ನೂ ಹೇಳುವುದಿಲ್ಲ. ಮೊದಲ ದಿನ ವಾಸನೆ ಬರುತ್ತದೆ, ಎರಡನೇ ವಾರಕ್ಕೆ ಮೂಗು ರೂಢಿಯಾಗುತ್ತದೆ. ಬಂಕಿಗೆ ಬರುವ ಗಿರಾಕಿ ಐದು ನಿಮಿಷ ನಿಂತು ಹೋಗುತ್ತಾನೆ. ಪಕ್ಕದ ಮನೆಯ ಬಾಣಂತಿ, ಕೂಸು, ಮುದುಕರು ಹಗಲೂ ರಾತ್ರಿ ಅಲ್ಲೇ.

ಇನ್ನು ನೀರು. ಟ್ಯಾಂಕು ಇರುವುದು ಮಣ್ಣಿನ ಕೆಳಗೆ. ಅದು ಸೋರಿದರೆ ಮೊದಲು ಗೊತ್ತಾಗುವುದು ಕಂಪನಿಗಲ್ಲ, ಬೋರಿನ ನೀರು ಕುಡಿದವರಿಗೆ. ನಮ್ಮ ಕೇರಿಗಳಲ್ಲಿ ನಳ ಬಾರದ ದಿನ ಕೈಪಂಪು, ಬೋರು ಇವೇ ಗತಿ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದದ್ದು ನೀರು ಮುಟ್ಟುವ ಹಕ್ಕಿಗಾಗಿ. ಮುಟ್ಟುವ ಹಕ್ಕು ಸಿಕ್ಕ ನೀರು ಕುಡಿಯಲು ಬಾರದಂತಾದರೆ ಆ ಹಕ್ಕನ್ನು ಇಟ್ಟುಕೊಂಡು ಏನು ಮಾಡುವುದು?

ಕಾನೂನು ಏನು ಹೇಳುತ್ತದೆ?

ಹಸಿರು ನ್ಯಾಯಮಂಡಳಿಯ ಮುಂದೆ ಹೋದ ದೂರಿನ ಪರಿಣಾಮವಾಗಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿ 7ರಂದು ಹೊಸ ಬಂಕುಗಳಿಗೆ ಮಾರ್ಗಸೂಚಿ ಹೊರಡಿಸಿತು. ಶಾಲೆ, ಹತ್ತು ಹಾಸಿಗೆ ಅಥವಾ ಅದಕ್ಕೂ ದೊಡ್ಡ ಆಸ್ಪತ್ರೆ, ವಸತಿ ಪ್ರದೇಶ, ಇವುಗಳಿಂದ 50 ಮೀಟರ್ ಒಳಗೆ ಹೊಸ ಬಂಕು ಇರಕೂಡದು. ಜಾಗದ ಅಡಚಣೆ ಇದ್ದರೆ ಹೆಚ್ಚಿನ ಸುರಕ್ಷತಾ ಕ್ರಮ ಕೈಗೊಂಡು ಕಡಿಮೆ ಮಾಡಬಹುದು. ಆದರೆ ಯಾವ ಕಾರಣಕ್ಕೂ 30 ಮೀಟರಿಗಿಂತ ಹತ್ತಿರ ಬರಕೂಡದು. ಅಳತೆ ಎಲ್ಲಿಂದ? ಬಂಕಿನ ಗೇಟಿನಿಂದಲ್ಲ. ಟ್ಯಾಂಕರಿನಿಂದ ಎಣ್ಣೆ ಸುರಿಯುವ ಬಾಯಿ, ಗಾಡಿಗೆ ಎಣ್ಣೆ ಹಾಕುವ ಪಂಪು, ಟ್ಯಾಂಕಿನ ಗಾಳಿ ಕೊಳವೆ, ಈ ಮೂರರಲ್ಲಿ ಯಾವುದು ಹತ್ತಿರವೋ ಅಲ್ಲಿಂದ. ರಸ್ತೆ ಸುತ್ತಿಕೊಂಡು ಬಂದ ಅಳತೆಯೂ ಅಲ್ಲ, ನೇರ ಗೆರೆ. ಬಂಕಿನ ಮೇಲೆ ಹೈಟೆನ್ಷನ್ ತಂತಿ ಹಾಯ್ದಿರಬಾರದು.

ಓದಿದರೆ ಒಳ್ಳೆಯ ನಿಯಮ. ಆದರೆ ಇನ್ನೊಮ್ಮೆ ನಿಧಾನವಾಗಿ ಓದಿರಿ. ವಸತಿ ಪ್ರದೇಶ ಅಂತ ಬರೀ ಹೇಳಿಲ್ಲ. 'ಸ್ಥಳೀಯ ಕಾನೂನುಗಳ ಪ್ರಕಾರ ಗೊತ್ತುಪಡಿಸಿದ' ವಸತಿ ಪ್ರದೇಶ ಅಂತ ಹೇಳಿದ್ದಾರೆ. ನಮ್ಮ ಕುತ್ತಿಗೆ ಸಿಕ್ಕಿಕೊಳ್ಳುವುದು ಇಲ್ಲೇ.

ಮನೆ ಕಣ್ಣಿಗೆ ಕಾಣುತ್ತದೆ. ಮೂರು ತಲೆಮಾರು ಅಲ್ಲೇ ಹುಟ್ಟಿದೆ, ಅಲ್ಲೇ ಸತ್ತಿದೆ. ರೇಷನ್ ಕಾರ್ಡಿದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ, ಚುನಾವಣೆ ಬಂದಾಗ ಎಲ್ಲ ಪಕ್ಷದ ಜೀಪುಗಳಿಗೂ ದಾರಿ ಗೊತ್ತಿದೆ. ಆದರೆ ಹಕ್ಕುಪತ್ರ ಇಲ್ಲ. ಜಾಗ ಕಂದಾಯ ಇಲಾಖೆಯ ಪುಸ್ತಕದಲ್ಲಿ ಸರ್ಕಾರಿ ಗಾಯರಾಣವೋ, ಹಳ್ಳದ ಖರಾಬೋ ಆಗಿ ಉಳಿದಿದೆ. ಅಧಿಕಾರಿ ನಕಾಶೆ ಬಿಚ್ಚಿ, "ಇಲ್ಲಿ ವಸ್ತಿ ಎಲ್ಲಿ ಐತ್ರೀ?" ಅನ್ನಬಹುದು. ಅವನ ಕಣ್ಣೆದುರಿಗೇ ನೂರು ಮಂದಿ ನಿಂತಿದ್ದರೂ ನಕಾಶೆಯಲ್ಲಿ ಒಂದು ಜೀವವೂ ಇಲ್ಲ. ಪೇಟೆಯ ಲೇಔಟಿನಲ್ಲಿ ಇನ್ನೂ ಮನೆ ಕಟ್ಟದ ಖಾಲಿ ಸೈಟು ವಸತಿ ಪ್ರದೇಶ, ಜನ ತುಂಬಿದ ನಮ್ಮ ಓಣಿ ಅತಿಕ್ರಮಣ!

ಶಾಲೆ ಅಂದಿದ್ದಾರೆ. ಕೇರಿಯ ಕೂಸುಗಳು ಕೂರುವುದು ಅಂಗನವಾಡಿಯಲ್ಲಿ. ಆ ಸಾಲಿನಲ್ಲಿ ಅಂಗನವಾಡಿಯ ಹೆಸರಿಲ್ಲ. ಹತ್ತು ಹಾಸಿಗೆಯ ಆಸ್ಪತ್ರೆ ಅಂದಿದ್ದಾರೆ. ನಮ್ಮ ಹೆಣ್ಣುಮಕ್ಕಳು ಚುಚ್ಚುಮದ್ದಿಗೆ ಹೋಗುವ ಉಪಕೇಂದ್ರಕ್ಕೆ ಹತ್ತು ಹಾಸಿಗೆ ಎಲ್ಲಿಂದ ಬರಬೇಕು? ನಿಯಮ ಬರೆದವರು ನಮ್ಮನ್ನು ಕೊಲ್ಲಬೇಕೆಂದು ಬರೆದರು ಅಂತ ನಾನು ಹೇಳುವುದಿಲ್ಲ. ಬರೆಯುವಾಗ ಅವರ ಕಣ್ಣ ಮುಂದೆ ಯಾರ ಮನೆ ಇತ್ತು, ಯಾರ ಮನೆ ಇರಲಿಲ್ಲ ಅನ್ನುವುದನ್ನು ಈ ಸಾಲೇ ಹೇಳುತ್ತದೆ.

ಆದ್ದರಿಂದ ಬಂಕಿನ ಜಗಳ ಬಂಕಿನಿಂದ ಶುರುವಾಗುವುದಿಲ್ಲ. ಕೇರಿ ಕಾಗದದಲ್ಲಿ ಇದೆಯೋ ಇಲ್ಲವೋ ಅನ್ನುವಲ್ಲಿಂದ ಶುರುವಾಗುತ್ತದೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಲು ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ ಹಳ್ಳಿಗೆ 94ಸಿ, ಪಟ್ಟಣಕ್ಕೆ 94ಸಿಸಿ ಅಂತ ಕಲಮುಗಳಿವೆ. 1973ರ ಕೊಳಚೆ ಪ್ರದೇಶ ಕಾಯ್ದೆಯಲ್ಲಿ ಒಂದು ವಸತಿಯನ್ನು ಕೊಳಚೆ ಪ್ರದೇಶ ಅಂತ ಘೋಷಿಸುವ ದಾರಿ ಇದೆ. ಕೊಳಚೆ ಅನ್ನುವ ಮಾತು ಕೇಳಲು ಹೇಸಿಗೆ. ಆದರೆ ಘೋಷಣೆಯಾದರೆ ಸರ್ಕಾರವೇ ಇಲ್ಲಿ ಜನ ಇದ್ದಾರೆ ಅಂತ ಬರೆದುಕೊಟ್ಟಂತೆ. ಅರ್ಜಿ ಕೊಟ್ಟು ವರ್ಷಗಟ್ಟಲೆ ಅಲೆಯುತ್ತಿರುವವರು ಎಲ್ಲ ಕೇರಿಯಲ್ಲೂ ಇದ್ದಾರೆ. ಆ ಅರ್ಜಿ ಕೊಳೆಯಲು ಬಿಟ್ಟರೆ ನಾಳೆ ಟೇಪು ಹಿಡಿದು ಬಂದವನು ನಮ್ಮ ಮನೆಯನ್ನು ದಾಟಿಸಿ ಆಚೆಯ ಸಾಹುಕಾರನ ಮನೆಗೆ ಅಳತೆ ಹಿಡಿಯುತ್ತಾನೆ.

ಅವರ ವಾದಗಳು

ಒಂದು: "ನೀವೇ ಆಮೇಲೆ ಬಂದು ಗುಡಿಸಲು ಹಾಕೀರಿ." ಹೊಸ ಬಂಕಿನ ಮಾತಿಗೆ ಇದು ಸಲ್ಲುವುದೇ ಇಲ್ಲ. ಬಂಕು ಇನ್ನೂ ಕಾಗದದಲ್ಲಿದೆ, ಮನೆ ನೆಲದ ಮೇಲಿದೆ. ಮೊದಲು ಬಂದವರು ಯಾರು ಅಂತ ಕೂಸಿಗೂ ತಿಳಿಯುತ್ತದೆ.

ಎರಡು: "ನಿಮ್ಮ ಹುಡುಗರಿಗೆ ಕೆಲಸ ಸಿಗತೈತಿ." ಎಷ್ಟು ಜನರಿಗೆ, ಯಾವ ಪಗಾರಕ್ಕೆ, ಬರೆದುಕೊಡಿ ಅನ್ನಿರಿ. ಮೂರು ನಾಲ್ಕು ಹುಡುಗರ ಕೆಲಸಕ್ಕೆ ಇಡೀ ಓಣಿಯ ಉಸಿರನ್ನು ಅಡ ಇಡುವ ವ್ಯಾಪಾರ ಇದು. ಅದೇ ಕೆಲಸ ಬಂಕು ನೂರು ಮೀಟರ್ ದೂರ ಇದ್ದರೂ ಸಿಗುತ್ತದೆಯಲ್ಲ?

ಮೂರು: "ಬಂಕಿನ ಮಾಲೀಕ ನಿಮ್ಮವನೇ." ಈ ಮಾತನ್ನು ಗಮನವಿಟ್ಟು ಕೇಳಬೇಕು. ತೈಲ ಕಂಪನಿಗಳ ಡೀಲರ್‌ಷಿಪ್ಪಿನಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ನೂರಕ್ಕೆ 22.5 ಮೀಸಲು ಇದೆ. ನಮ್ಮವರು ಬಂಕಿನ ಒಡೆಯರಾಗುವುದು ಹೆಮ್ಮೆಯ ಸಂಗತಿ, ಅದಕ್ಕಾಗಿ ಹೋರಾಡಬೇಕು. ಆದರೆ ಹೆಸರು ನಮ್ಮವನದು, ಹಣ ಇನ್ನೊಬ್ಬನದು, ಗಲ್ಲೆಯ ಕೀಲಿ ಮೂರನೆಯವನ ಸೊಂಟದಲ್ಲಿ, ಇಂಥ ಬೇನಾಮಿ ಆಟ ನಮಗೆ ಹೊಸದಲ್ಲ. ನಿಜವಾಗಿಯೂ ನಮ್ಮವನೇ ಆಗಿದ್ದರೂ ಬೆಂಜೀನ್ ಜಾತಿ ಕೇಳಿ ಮೂಗಿಗೆ ಹೋಗುವುದಿಲ್ಲ. 50 ಮೀಟರ್ ನಮ್ಮವನಿಗೂ 50 ಮೀಟರೇ. ನಮ್ಮ ಕೇರಿಯ ವಿರುದ್ಧ ನಮ್ಮವನನ್ನೇ ನಿಲ್ಲಿಸಿ ದೂರ ನಿಂತು ನಗುವವರಿಗೆ ಆ ಸುಖ ಕೊಡಬಾರದು.

ಇದರ ಜೊತೆಗೇ ಇನ್ನೊಂದು. ಬಂಕು ಬರುವ ಆ ಜಮೀನು ಯಾರದಾಗಿತ್ತು ಅಂತ ಹಳೆಯ ಪಹಣಿ ತೆಗೆಸಿ ನೋಡಿರಿ. ಸರ್ಕಾರ ನಮ್ಮ ಅಜ್ಜಂದಿರಿಗೆ ಮಂಜೂರು ಮಾಡಿದ ಜಮೀನು ಎಷ್ಟೋ ಕಡೆ ನೂರು ಇನ್ನೂರು ರೂಪಾಯಿಗೆ, ಒಂದು ಚೀಲ ಜೋಳಕ್ಕೆ ಕೈಬದಲಾಗಿದೆ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಮುಂಗಡ ಅನುಮತಿ ಇಲ್ಲದೆ ಅಂಥ ಜಮೀನು ಮಾರುವಂತಿಲ್ಲ. ಮಾರಿದರೆ ಆ ಮಾರಾಟ ಊರ್ಜಿತವಲ್ಲ. ತಡವಾಗಿ ಬಂದಿರಿ ಅಂತ ಅರ್ಜಿ ತಳ್ಳಿಹಾಕುವ ಪರಿಪಾಠಕ್ಕೆ ತಡೆ ಹಾಕಲು 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ನಮ್ಮದೇ ನೆಲದ ಮೇಲೆ ನಮಗೇ ವಿಷದ ಕೊಳವೆ ನಿಲ್ಲಿಸುತ್ತಿದ್ದಾರೆಯೋ ಏನೋ, ಯಾರಿಗೆ ಗೊತ್ತು? ಕಾಗದ ನೋಡಿದವರಿಗೆ ಗೊತ್ತು.

ನಾಲ್ಕು: "ಎಷ್ಟೋ ಬಂಕು ಅದಾವು, ಎಲ್ಲಿ ಏನ್ ಆಗೇತಿ?" ಆಗುವ ತನಕ ಏನೂ ಆಗಿರುವುದಿಲ್ಲ. 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿತು. ರಸ್ತೆ ಪಕ್ಕದ ಮನೆಗಳು ಸುಟ್ಟವು, ಜನ ಮನೆಯಲ್ಲಿದ್ದ ಹಾಗೇ ಬೆಂದರು. 2023ರ ಆಗಸ್ಟ್ 29ರಂದು ನಮ್ಮ ಹಾವೇರಿಯ ಮಗ್ಗುಲಿನ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿತ್ತು. ಕೂಲಿಗೆ ಬಂದವರು ಸುಟ್ಟು ಕರಕಲಾದರು. ಅದಾದ ನಲವತ್ತು ದಿನದೊಳಗೆ ಅತ್ತಿಬೆಲೆಯಲ್ಲೂ ಅದೇ ಕಥೆ. ಬಂಕು ಬೇರೆ, ಪಟಾಕಿ ಬೇರೆ ಅನ್ನುವಿರಿ. ಸರಿ, ಸರಕು ಬೇರೆ. ಆದರೆ ಜಾಗ ನೋಡಿ ಸಹಿ ಹಾಕಬೇಕಾದ ಮೇಜು ಬೇರೆಯಲ್ಲ. ಬೆಂಕಿ ಬಿದ್ದ ಮೇಲೆ ಮಂತ್ರಿಗಳು ಬರುತ್ತಾರೆ, ಪರಿಹಾರದ ಚೆಕ್ಕು ಬರುತ್ತದೆ, ತನಿಖೆ ಬರುತ್ತದೆ. ನಮಗೆ ಬೇಕಾದ್ದು ಬೆಂಕಿಗಿಂತ ಮುಂಚಿನ ತನಿಖೆ.

ಈ ನೆಲಕ್ಕೆ ಹೋರಾಟ ಹೊಸದಲ್ಲ

ಹೆದರುವವರಿಗೆ ಒಂದು ಮಾತು. ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಕಾರ್ಖಾನೆಯಿಂದ ತುಂಗಭದ್ರೆಗೆ ವಿಷ ಹರಿದು ಮೀನು ಸತ್ತು ತೇಲಿದ ಕಾಲ ನಮ್ಮ ಹಿರಿಯರಿಗೆ ನೆನಪಿದೆ. ಕಂಪನಿ ದೊಡ್ಡದು, ಕೆಲಸದ ಆಸೆಯೂ ದೊಡ್ಡದು. ಆದರೂ ದಂಡೆಯ ಜನ ಬಾಟಲಿಯಲ್ಲಿ ನೀರು ಹಿಡಿದು ಪ್ರಶ್ನೆ ಕೇಳಿದರು. 1984ರಲ್ಲಿ ಹಳ್ಳಿಗರ ಗಾಯರಾಣ, ಗೋಮಾಳಗಳನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಟ್ಟರು. ಸರ್ಕಾರವೇ ಅದರಲ್ಲಿ ಪಾಲುದಾರ! 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಅಂತ ಅದಕ್ಕೆ ಹೆಸರಾಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನ ಸರ್ಕಾರವೇ ಕೈಗೊಳ್ಳಬೇಕಾಯಿತು. ಒಂದೇ ದಿನದ ಸತ್ಯಾಗ್ರಹದಿಂದ ಅದು ಆಗಲಿಲ್ಲ. ಸರ್ವೆ ನಂಬರು, ಆದೇಶ, ಕರಾರು ಎಲ್ಲ ಕಾಗದ ಹುಡುಕಿ, ಒಂದು ಕೈಯಲ್ಲಿ ಸಸಿ ಇನ್ನೊಂದು ಕೈಯಲ್ಲಿ ಕಾಗದ ಹಿಡಿದದ್ದರಿಂದ ಆಯಿತು.

ಏನು ಮಾಡಬೇಕು?

1. ರಸ್ತೆ ಪಕ್ಕ ಜೆಸಿಬಿ ಬಂದು ಜಾಗ ಸಮ ಮಾಡುವ ತನಕ ಕಾಯಬೇಡಿ. 2002ರ ಪೆಟ್ರೋಲಿಯಂ ನಿಯಮಗಳ ಪ್ರಕಾರ ಬಂಕಿಗೆ ಜಿಲ್ಲಾಡಳಿತದ ನಿರಾಕ್ಷೇಪಣಾ ಪತ್ರ, ಎಲ್ಲರೂ ಎನ್‌ಓಸಿ ಅನ್ನುವುದು, ಬೇಕೇ ಬೇಕು. ಅರ್ಜಿ ಬಂದ ಮೂರು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ನಮ್ಮ ತಕರಾರು ಆ ಮೂರು ತಿಂಗಳಲ್ಲಿ ಫೈಲಿನೊಳಗೆ ಇರಬೇಕು. ಸ್ಫೋಟಕ ಇಲಾಖೆಯ ಲೈಸೆನ್ಸು ಸಿಕ್ಕ ಮೇಲೆ ಕೂಗಿದರೆ ದಾರಿ ಉದ್ದವಾಗುತ್ತದೆ.

2. 1997ರವರೆಗೆ ಒಂದು ಅರ್ಜಿಗೂ ಧಾರವಾಡದ ಬಸ್ಸು ಹತ್ತಬೇಕಿತ್ತು. ಈಗ ಜಿಲ್ಲಾಧಿಕಾರಿ ಕಚೇರಿ ಹಾವೇರಿಯ ದೇವಗಿರಿಯಲ್ಲಿದೆ. ಒಬ್ಬಿಬ್ಬರು ಹೋಗಬೇಡಿ, ಓಣಿಯೇ ಹೋಗಲಿ. ಹೆಣ್ಣುಮಕ್ಕಳು ಮುಂದಿರಲಿ. ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬನ್ನಿ. ಮೊಹರಿಲ್ಲದ ಅರ್ಜಿ ಗಾಳಿಗೆ ಹಾರಿದ ಕಾಗದ.

3. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಬಂಕಿನ ನಕಾಶೆ, ಪೊಲೀಸ್, ಅಗ್ನಿಶಾಮಕ, ಲೋಕೋಪಯೋಗಿ ಇಲಾಖೆ, ನಗರಸಭೆ ಅಥವಾ ಪುರಸಭೆ ಕೊಟ್ಟ ಅಭಿಪ್ರಾಯ ಎಲ್ಲವನ್ನೂ ಕೇಳಿರಿ. ಶುಲ್ಕ ಹತ್ತು ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ.

4. ನೀವೇ ಟೇಪು ಹಿಡಿಯಿರಿ. ನಕಾಶೆಯಲ್ಲಿ ತೋರಿಸಿದ ಟ್ಯಾಂಕಿನ ಬಾಯಿ, ಪಂಪು, ಗಾಳಿ ಕೊಳವೆ ಎಲ್ಲಿ ಬರುತ್ತವೆ ನೋಡಿ, ಅಲ್ಲಿಂದ ಮೊದಲ ಮನೆಯ ಗೋಡೆಗೆ, ಶಾಲೆಗೆ, ಅಂಗನವಾಡಿಗೆ, ಬೋರಿಗೆ ಅಳೆಯಿರಿ. ಫೋಟೋ ತೆಗೆಯಿರಿ. ಎಸ್ಸೆಸ್ಸೆಲ್ಸಿ ಓದುವ ಹುಡುಗಿಗೂ ಈ ಕೆಲಸ ಬರುತ್ತದೆ.

5. ಮನೆಮನೆಯ ಪಟ್ಟಿ ಮಾಡಿರಿ. ಹಕ್ಕುಪತ್ರ ಇದ್ದವರು, ಇಲ್ಲದವರು, ಅರ್ಜಿ ಕೊಟ್ಟು ಕಾಯುತ್ತಿರುವವರು, ಎಷ್ಟು ವರ್ಷದಿಂದ ವಾಸ, ಕರೆಂಟು ಬಿಲ್ಲು, ಮನೆ ತೆರಿಗೆ ರಸೀದಿ. ಬಂಕಿನ ತಕರಾರು ಅರ್ಜಿಯ ಜೊತೆಗೇ ಹಕ್ಕುಪತ್ರದ ಬೇಡಿಕೆಯನ್ನೂ ಇಡಿರಿ. ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ.

6. ಅಂಗನವಾಡಿಯನ್ನು ಶಾಲೆಯೆಂದೇ, ಜನ ವಾಸವಿರುವ ಕೇರಿಯನ್ನು ಹಕ್ಕುಪತ್ರ ಇರಲಿ ಬಿಡಲಿ ವಸತಿ ಪ್ರದೇಶವೆಂದೇ ಎಣಿಸಬೇಕು ಅಂತ ಸರ್ಕಾರವನ್ನು ಒತ್ತಾಯಿಸಬೇಕು. ಇದು ಒಂದು ಕೇರಿಯ ಬೇಡಿಕೆಯಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಎಲ್ಲ ಕೇರಿಗಳೂ, ತಾಂಡಾಗಳೂ, ಮುಸ್ಲಿಂ ಬಡವರ ಓಣಿಗಳೂ, ಹಮಾಲರ ವಸತಿಗಳೂ ಸೇರಿ ಇಡಬೇಕಾದ ಬೇಡಿಕೆ.

ಬಂಧುಗಳೇ, ಹಿಂದೆ ನಮ್ಮನ್ನು ಎಷ್ಟು ದೂರ ಇಡಬೇಕು ಅಂತ ಊರು ಲೆಕ್ಕ ಹಾಕುತ್ತಿತ್ತು. ನೆರಳು ಬೀಳದಷ್ಟು ದೂರ, ಬಾವಿ ಮುಟ್ಟದಷ್ಟು ದೂರ, ಗುಡಿಯ ಗಂಟೆ ಮಾತ್ರ ಕೇಳುವಷ್ಟು ದೂರ. ಅವತ್ತು ಯಾರಿಗೂ ಟೇಪು ಬೇಕಾಗಿರಲಿಲ್ಲ, ನಕಾಶೆ ಬೇಕಾಗಿರಲಿಲ್ಲ. ನಮ್ಮ ಮನೆ ಎಲ್ಲಿದೆ ಅಂತ ಎಲ್ಲರಿಗೂ ಕರಾರುವಾಕ್ಕಾಗಿ ಗೊತ್ತಿತ್ತು. ಇವತ್ತು ವಿಷವನ್ನು ನಮ್ಮಿಂದ ದೂರ ಇಡಿ ಅಂತ ನಾವು ಕೇಳಿದಾಗ ಮಾತ್ರ ನಮ್ಮ ಮನೆ ಯಾರ ಕಣ್ಣಿಗೂ ಕಾಣುವುದಿಲ್ಲ!

ಕಾಣುವಂತೆ ಮಾಡೋಣ. ಈ ತಿಂಗಳೇ ನಿಮ್ಮ ಓಣಿಯಲ್ಲಿ ಒಂದು ಸಂಜೆ ಸಭೆ ಸೇರಿರಿ. ಈ ಪತ್ರಿಕೆಯನ್ನು ಓದಲು ಬಾರದವರಿಗೆ ಓದಿ ಹೇಳಿರಿ. ಪಟ್ಟಿ ಬರೆಯಲು ಒಂದು ನೋಟುಪುಸ್ತಕ ತನ್ನಿ. ಮೊದಲ ಹಾಳೆಯಲ್ಲಿ ಮೊದಲ ಮನೆಯ ಹೆಸರು ಬರೆಯಿರಿ. ಅಳತೆ ಅಲ್ಲಿಂದ ಶುರುವಾಗಲಿ.